ಅಡ್ಡಹೆಸರೇನು?

ಕಳೆದ ತಿಂಗಳು ಒಂದು ರವಿವಾರ ರಾತ್ರಿ ಮಗಳ ಫೋನ್ ಬಂದಿತ್ತು. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ, ಮೂರನೇ ವರ್ಷ. ಮೆಸ್ಸಿನ ನೀರುಸಾರು, ಹಾಸ್ಟೆಲಿನಲ್ಲಿ ಕೆಟ್ಟುನಿಂತ ಗೀಸರು, ತಿಲಕವಾಡಿಯಲ್ಲಿ ಕೊಂಡ ಎಂಟೇ ದಿನಕ್ಕೆ ಕಿತ್ತುಹೋದ ಚಪ್ಪಲಿ, ಹೀಗೆ ಎಂದಿನ ಮಾತುಗಳ ನಡುವೆ ಒಬ್ಬ ಹುಡುಗನ ಹೆಸರು ಬಂತು. ಪ್ರಾಜೆಕ್ಟಿನಲ್ಲಿ ಜೊತೆಗಿದ್ದಾನಂತೆ. ಆ ವಾರ ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಅದು ಮೂರನೇ ಸಲ. ನಾನು ರೊಟ್ಟಿಯ ಹಿಟ್ಟು ನಾದುತ್ತಿದ್ದೆ. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಯೋಚನೆ ಮಾಡಿ ಕೇಳಿದೆ ಎಂದರೆ ಸುಳ್ಳಾಗುತ್ತದೆ. ಬಾಯಿ ತಾನಾಗಿಯೇ ಕೇಳಿಬಿಟ್ಟಿತು: "ಅಡ್ಡಹೆಸರೇನು ಅವನದು?"

ಆ ಕಡೆ ಸದ್ದಿಲ್ಲ. ಆಮೇಲೆ, "ಯಾಕೆ ಮಮ್ಮಿ?"

"ಸುಮ್ಮನೆ ಕೇಳಿದೆ."

ನಮ್ಮ ಕಡೆ ಯಾರೂ ಅಡ್ಡಹೆಸರನ್ನು ಸುಮ್ಮನೆ ಕೇಳುವುದಿಲ್ಲ ಎನ್ನುವುದು ಅವಳಿಗೂ ಗೊತ್ತು, ನನಗೂ ಗೊತ್ತು. "ಗೊತ್ತಿಲ್ಲ, ಕೇಳಿಲ್ಲ" ಎಂದಳು. ದಿನಾ ಹಾಜರಿ ಕೂಗುವ ತರಗತಿಯಲ್ಲಿ ಮೂರು ವರ್ಷ ಕುಳಿತವಳಿಗೆ ಸಹಪಾಠಿಯ ಅಡ್ಡಹೆಸರು ಗೊತ್ತಿರುವುದಿಲ್ಲವೇ? ಈ ಇಪ್ಪತ್ತು ವರ್ಷಗಳಲ್ಲಿ ಅವಳು ನನಗೆ ಬೇಕಾದಷ್ಟು ಸುಳ್ಳು ಹೇಳಿದ್ದಾಳೆ. ಪರೀಕ್ಷೆಯ ಅಂಕದ್ದು, ಮೊಬೈಲ್ ಬಿದ್ದು ಒಡೆದದ್ದು, ಗೆಳತಿಯ ಮನೆಯಲ್ಲಿ ಊಟವಾಯಿತು ಎಂದದ್ದು. ಇದರ ಧಾಟಿ ಬೇರೆ ಇತ್ತು. ಆ ಧಾಟಿ ನನಗೆ ಚೆನ್ನಾಗಿ ಪರಿಚಯ, ಏಕೆಂದರೆ ಅವಳ ವಯಸ್ಸಿನಲ್ಲಿ ಎರಡು ವರ್ಷ ನಾನು ಅದೇ ಧಾಟಿಯಲ್ಲಿ ಮಾತಾಡಿದವಳು.

ಅಂದಿನಿಂದ ಆ ಹುಡುಗನ ಹೆಸರು ನಮ್ಮ ಫೋನಿನಲ್ಲಿ ಬಂದಿಲ್ಲ. ಗೀಸರು, ಸಾರು, ಚಪ್ಪಲಿ ಮಾತ್ರ ಉಳಿದವು.

ಹೊರಗಿನವರಿಗೆ ಈ ಪ್ರಶ್ನೆಯ ಮೊನಚು ತಿಳಿಯಲಿಕ್ಕಿಲ್ಲ. ನಮ್ಮ ಅಡ್ಡಹೆಸರುಗಳೆಂದರೆ ಒಂದು ದೊಡ್ಡ ದಫ್ತರ. ಬಡಿಗೇರ, ಕಂಬಾರ, ಹೂಗಾರ, ನದಾಫ ಎಂದರೆ ಮುಂದೆ ಏನೂ ಕೇಳಬೇಕಾಗಿಲ್ಲ, ಕಡತ ಮುಚ್ಚಬಹುದು. ಪಾಟೀಲ ಎಂದರೆ ಕೆಲಸ ಹೆಚ್ಚು. ಲಿಂಗಾಯತರಲ್ಲೂ ಪಾಟೀಲರಿದ್ದಾರೆ, ಜೈನರಲ್ಲೂ, ಮರಾಠರಲ್ಲೂ, ಮುಸಲ್ಮಾನರಲ್ಲೂ ಇದ್ದಾರೆ. ಹಾಗಾಗಿ "ಯಾವ ಊರ ಪಾಟೀಲರು?" ಎಂಬ ಎರಡನೇ ಪ್ರಶ್ನೆ ಹುಟ್ಟುತ್ತದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂದು ಸಂತೆಯ ಚೀಲದಂಥ ಹೆಸರುಗಳೂ ಇವೆ. ಎಲ್ಲಕ್ಕಿಂತ ತೊಡಕಿನವು ಊರ ಹೆಸರುಗಳು: ಬಾದಾಮಿ, ಜಮಖಂಡಿ, ಮುಧೋಳ, ತಾಳಿಕೋಟಿ, ಬಾಗಲಕೋಟಿ. ಆ ಊರನ್ನು ಅಜ್ಜನ ಅಜ್ಜ ಯಾವತ್ತೋ ಬಿಟ್ಟುಬಂದಿರುತ್ತಾನೆ, ಹೆಸರು ಮಾತ್ರ ಬೆನ್ನು ಬಿಟ್ಟಿರುವುದಿಲ್ಲ. ಅದರಿಂದ ಏನೂ ತಿಳಿಯುವುದಿಲ್ಲ. ಆಗ ಹೊರಬರುತ್ತದೆ ಕೊನೆಯ ಅಸ್ತ್ರ: "ಯಾರ ಪೈಕಿ?" ಇಷ್ಟೆಲ್ಲ ನಡೆದರೂ ಜಾತಿ ಎಂಬ ಶಬ್ದ ಯಾರ ನಾಲಿಗೆಯ ಮೇಲೂ ಬಂದಿರುವುದಿಲ್ಲ. "ನಮ್ಮ ಮನೆಯಲ್ಲಿ ಅದನ್ನೆಲ್ಲ ಕೇಳುವುದಿಲ್ಲ" ಎಂದು ನಾನೂ ಹತ್ತಾರು ಕಡೆ ಎದೆಯುಬ್ಬಿಸಿ ಹೇಳಿದ್ದೇನೆ.

ಹೋಳಿಯ ಕಟ್ಟೆ

ನಮ್ಮೂರು ಬಾಗಲಕೋಟೆಯ ಹೋಳಿಯನ್ನು ನಾನು ವರ್ಣಿಸಬೇಕಾಗಿಲ್ಲ. ಕಿಲ್ಲಾ, ಹಳಪೇಟ, ಜೈನಪೇಟ, ಹೊಸಪೇಟ, ವೆಂಕಟಪೇಟ. ಒಂದೊಂದು ದಿನ ಒಂದೊಂದು ಪೇಟೆಯವರ ಸೊಕ್ಕು, ಹಲಗೆಯ ಸದ್ದು, ಬಂಡಿಗಳ ಮೇಲೆ ಬ್ಯಾರಲ್ಲುಗಟ್ಟಲೆ ಬಣ್ಣ. 2001ರ ಮಾರ್ಚ್. ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಅವನೂ ಅದೇ ತರಗತಿ. ಎರಡು ವರ್ಷದಿಂದ ನಮ್ಮಿಬ್ಬರ ನಡುವೆ ಏನೋ ಇತ್ತು, ಅದಕ್ಕೆ ಏನು ಹೆಸರಿಡಬೇಕೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಅವನ ಅಡ್ಡಹೆಸರು ನಮ್ಮ ಮನೆಯಲ್ಲಿ ನಡೆಯುವಂಥದ್ದಲ್ಲ ಎನ್ನುವುದು ಮಾತ್ರ ಮೊದಲ ದಿನದಿಂದಲೇ ಗೊತ್ತಿತ್ತು.

ಆ ಹೋಳಿಯ ದಿನ ಅವನ ಗುಂಪು ನಮ್ಮ ಓಣಿಗೆ ಬಂತು. ಹಳೆಯ ಊರಿನ ನಮ್ಮ ಮನೆಗೆ ಎತ್ತರದ ಕಟ್ಟೆಯಿತ್ತು. ಅಪ್ಪ ಅಲ್ಲಿ ಬೆಲ್ಲದ ಪಾನಕದ ಕೊಡ ಇಟ್ಟುಕೊಂಡು ಬಣ್ಣ ಹಚ್ಚಲು ಬಂದ ಹುಡುಗರಿಗೆಲ್ಲ ಒಂದೊಂದು ಲೋಟ ಕೊಡುತ್ತಿದ್ದರು. ಕೊಡುವ ಮೊದಲು ಒಂದು ಪ್ರಶ್ನೆ: "ಯಾರ ಮಗನೋ ನೀನು?" ಮುಖಗಳೆಲ್ಲ ನೇರಳೆ, ಹಸಿರು, ಬೆಳ್ಳಿಬಣ್ಣ, ಸ್ವಂತ ತಾಯಿಯೂ ಗುರುತಿಸುವಂತಿರಲಿಲ್ಲ. ಸಾಲಿನಲ್ಲಿ ಅವನು ನಾಲ್ಕನೆಯವನು. ಬಾಗಿಲ ಮರೆಯಲ್ಲಿ ನಿಂತ ನನಗೆ ಅವನ ಕೈಗಡಿಯಾರದಿಂದ ಗುರುತು ಸಿಕ್ಕಿತ್ತು. ಅಪ್ಪ ಕೇಳಿದರು. ಅವನು ಒಂದು ಉಸಿರೂ ತಡೆಯದೆ ಪಕ್ಕದಲ್ಲಿ ನಿಂತ ಗೆಳೆಯನ ಅಡ್ಡಹೆಸರು ಹೇಳಿಬಿಟ್ಟ. "ಓಹೋ, ಅವರ ಮಗನೇ! ನಿಮ್ಮಪ್ಪ ಮತ್ತು ನಾನು ಒಂದೇ ಸಾಲಿಯಲ್ಲಿ ಕಲಿತವರು" ಎಂದು ಅಪ್ಪ ಎದ್ದು ಅವನ ಬೆನ್ನು ತಟ್ಟಿ ಎರಡನೇ ಲೋಟ ಕೊಟ್ಟರು. ಈಗ ಐದನೆಯವನಿಗೆ ಸಂಕಟ. ತನ್ನ ಹೆಸರು ಖರ್ಚಾಗಿಹೋಗಿತ್ತು. ಅವನು ಆರನೆಯವನ ಹೆಸರು ಹೇಳಿದ, ಆರನೆಯವನು ಮತ್ತೊಬ್ಬನದು. ನಾನು ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೇ ನಕ್ಕಿದ್ದು.

ವರ್ಷಗಟ್ಟಲೆ ಇದನ್ನು ನಗೆಯ ಪ್ರಸಂಗವೆಂದೇ ಹೇಳುತ್ತ ಬಂದೆ. (ನಮ್ಮ ಯಜಮಾನರಿಗೂ ಹೇಳಿದ್ದೇನೆ, ಮದುವೆಯಾದ ಮೊದಲ ವರ್ಷವೇ. ಅವರ ಕಥೆ ಏನಾದರೂ ಇತ್ತೇ ಎಂದು ಕೇಳಿದರೆ ಇಂದಿಗೂ ಪೇಪರ್ ಮುಖಕ್ಕೆ ಹಿಡಿಯುತ್ತಾರೆ.) ಈಚೆಗೆ ಆ ದೃಶ್ಯ ಬೇರೆ ಕಡೆಯಿಂದ ಕಾಣುತ್ತದೆ. ಅಪ್ಪ ಅವನನ್ನು ಪ್ರೀತಿಯಿಂದ ಮುಟ್ಟಿದ್ದು ಅದೊಂದೇ ಸಲ. ಅದೂ ಬೇರೆ ಯಾರದೋ ಮಗನೆಂದುಕೊಂಡು.

ಮನೆಯಲ್ಲಿ ವಿಷಯ ಗೊತ್ತಾದದ್ದು ಅದೇ ಬೇಸಿಗೆಯಲ್ಲಿ. ಬಸ್ ನಿಲ್ದಾಣದಲ್ಲಿ ನಮ್ಮಿಬ್ಬರನ್ನು ಕಾಕಾ ನೋಡಿದ್ದರು. ಆ ಕಾಲದ ನಮ್ಮೂರನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರಿನವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ 2000ದ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಾಗಿತ್ತು. ಘಟಪ್ರಭೆಯ ಹಿನ್ನೀರು ಯಾರ ಮನೆಯವರೆಗೆ ಬರುತ್ತದೆ, ಯಾರ ಮನೆ ಉಳಿಯುತ್ತದೆ ಎನ್ನುವುದೇ ಕಟ್ಟೆಕಟ್ಟೆಗಳ ಮಾತು. ನಮ್ಮ ಮನೆ ಗೆರೆಯ ಕೆಳಗಿತ್ತು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆದು ಹೋಗಿದ್ದರು. ಅಪ್ಪ ಬೆಳಗಾದರೆ ಪರಿಹಾರದ ಕಡತ ಹಿಡಿದು ಕಚೇರಿಗೆ ಅಲೆಯುತ್ತಿದ್ದರು. ಮನೆ ಕಳೆದುಕೊಂಡವರಿಗೆಂದು ಕಟ್ಟಿದ ನವನಗರದಲ್ಲಿ ಎಷ್ಟು ಉದ್ದ ಎಷ್ಟು ಅಗಲದ ಜಾಗ ಸಿಗುತ್ತದೆ, ತೊಲೆ ಬಾಗಿಲುಗಳನ್ನು ಕಿತ್ತೊಯ್ಯಬಹುದೇ, ಇದೇ ಲೆಕ್ಕ.

ಅಪ್ಪನ ಸಿಟ್ಟಿಗೆ ನಾನು ಎರಡು ವರ್ಷದಿಂದ ತಯಾರಾಗಿದ್ದೆ. ಅವರು ಹೀಗೆಂದರೆ ಹೀಗೆನ್ನಬೇಕು, ಹೊಡೆದರೆ ಅಳಬಾರದು, ಓದು ಬಿಡಿಸುತ್ತೇನೆಂದರೆ ಊಟ ಬಿಡಬೇಕು, ಎಲ್ಲ ಬಾಯಿಪಾಠವಾಗಿತ್ತು. ಆ ರಾತ್ರಿ ಊಟವಾದ ಮೇಲೆ ಅಪ್ಪ ಅಳತೆಯ ಕಾಗದಗಳನ್ನು ಮಡಚಿ ಚೀಲದಲ್ಲಿಟ್ಟರು. ದಾರ ಸುತ್ತಿದರು. ನನ್ನ ಮುಖ ನೋಡದೆ ಹೇಳಿದರು: "ಒಂದು ಮನೆಗೆ ಒಂದೇ ವರ್ಷ ಎರಡು ಮುಳುಗಡೆ ಬೇಡ ತಾಯಿ."

ಅಷ್ಟೇ. ಬೈಯಲಿಲ್ಲ, ಅವನು ಯಾರು ಎಂದು ಕೇಳಲೂ ಇಲ್ಲ. ಬೈದಿದ್ದರೆ ಗೆಲ್ಲುತ್ತಿದ್ದೆನೇನೋ. ಈ ಮಾತಿಗೆ ಕೊಡಬೇಕಾದ ಉತ್ತರ ನನ್ನ ಪಟ್ಟಿಯಲ್ಲಿರಲಿಲ್ಲ. ಎಂಟು ದಿನ ಬಿಟ್ಟು ನಾನೇ ಅವನಿಗೆ ಹೇಳಿ ಮುಗಿಸಿದೆ.

ನೋಟ್‌ಬುಕ್ಕಿನ ಹಿಂದಿನ ಹಾಳೆ

ಅಪ್ಪನ ಆ ಮಾತೇ ನಮ್ಮಿಬ್ಬರನ್ನು ಬೇರೆ ಮಾಡಿತು ಎಂದು ಬಹಳ ವರ್ಷ ನಂಬಿದ್ದೆ. ಹಾಗೆ ನಂಬಿಕೊಳ್ಳುವುದರಲ್ಲಿ ಒಂದು ಸುಖವೂ ಇತ್ತು, ಕಥೆ ದೊಡ್ಡದಾಗುತ್ತದೆ. ಆದರೆ ಒಂದು ವಿಷಯ ಯಾವಾಗಲೂ ಚುಚ್ಚುತ್ತಿತ್ತು: ಮುಗಿಸೋಣ ಎಂದಾಗ ಅವನು ಹೆಚ್ಚು ಜಗ್ಗಾಡಲಿಲ್ಲ. ಅವನ ಮುಖದಲ್ಲಿ ದುಃಖದ ಹಿಂದೆಯೇ ಒಂದು ಬಗೆಯ ನಿರಾಳವನ್ನು ಕಂಡೆ. ನನ್ನ ಮುಖದಲ್ಲಿ ಅವನೂ ಅದನ್ನೇ ಕಂಡಿರಬೇಕು.

ಆಗ ಮೊಬೈಲ್ ಇರಲಿಲ್ಲ. ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಬರೆದು ಒಬ್ಬರಿಗೊಬ್ಬರು ಕೊಡುತ್ತಿದ್ದೆವು. ಅವನು ಬರೆದದ್ದರ ಮೊದಲ ಸಾಲು ಯಾವಾಗಲೂ ಒಂದೇ: "ಇವತ್ತು ನಿಮ್ಮ ಅಪ್ಪ ಹೇಗಿದ್ದಾರೆ?" ರೈತ ಮೋಡ ನೋಡಿದ ಹಾಗೆ. ನಾನೂ ಅಷ್ಟೇ ಶ್ರದ್ಧೆಯಿಂದ ಬರೆಯುತ್ತಿದ್ದೆ: ಇವತ್ತು ಪರಿಹಾರದ ಕಚೇರಿಯಲ್ಲಿ ಜಗಳವಾಗಿದೆ, ಬೇಡ, ನಾಳೆ ಅಮಾವಾಸ್ಯೆ, ಬೇಡ, ಸೋದರಮಾವ ಬಂದಿದ್ದಾರೆ, ಅವರಿಗೆ ಮೊದಲು ಹೇಳಿ ನೋಡಲೇ? ಅವನ ಕಡೆಯಿಂದ ಅವನ ದೊಡ್ಡಪ್ಪನ ವರದಿ. ಅವನ ದೊಡ್ಡಪ್ಪನಿಗೆ ಸಿಟ್ಟು ಯಾವ ಹೊತ್ತಿನಲ್ಲಿ ಬರುತ್ತದೆ, ಎಲೆಯಡಿಕೆ ಹಾಕಿಕೊಂಡ ಮೇಲೆ ಎಷ್ಟು ಹೊತ್ತಿಗೆ ಇಳಿಯುತ್ತದೆ ಎನ್ನುವುದು ನನಗೆ ಇಂದಿಗೂ ನೆನಪಿದೆ. ಅವನಿಗೆ ಮಾದಲಿ ಸೇರುತ್ತಿತ್ತೋ ಹೋಳಿಗೆ ಸೇರುತ್ತಿತ್ತೋ, ಅದು ಮಾತ್ರ ನನಗೆ ಗೊತ್ತೇ ಇಲ್ಲ. ಅವನು ಯಾವುದಕ್ಕೆ ಹೆದರುತ್ತಿದ್ದ, ಒಬ್ಬನೇ ಇದ್ದಾಗ ಏನು ಮಾಡುತ್ತಿದ್ದ, ದುಡ್ಡಿನ ವಿಷಯದಲ್ಲಿ ಹೇಗೆ, ತಂಗಿಯ ಜೊತೆ ಹೇಗೆ ಮಾತಾಡುತ್ತಿದ್ದ, ಒಂದೂ ತಿಳಿಯದು. ಎರಡು ವರ್ಷ ನಾವು ಪ್ರೀತಿಸಿದೆವು ಎನ್ನುವುದಕ್ಕಿಂತ ಎರಡು ವರ್ಷ ಒಂದು ಅರ್ಜಿಯನ್ನು ತಯಾರಿಸಿದೆವು ಎನ್ನಬಹುದು. ಅರ್ಜಿ ವಜಾ ಆಯಿತು. ಕೈಯಲ್ಲಿ ಬೇರೇನೂ ಉಳಿದಿರಲಿಲ್ಲ.

ಮಗಳ ಫೋನಿನ ನಂತರ ನಿದ್ದೆ ಬಾರದ ಒಂದು ರಾತ್ರಿ ಈ ವಿಷಯವನ್ನೇ ಹುಡುಕಿ ಓದುತ್ತ ಕುಳಿತೆ. ಅಮೆರಿಕದ ಕೊಲೊರಾಡೊದಲ್ಲಿ ಡ್ರಿಸ್ಕಾಲ್, ಡೇವಿಸ್, ಲಿಪೆಟ್ಜ್ ಎಂಬ ಮೂವರು 1972ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. 140 ಜೋಡಿಗಳನ್ನು ಪ್ರಶ್ನಿಸಿ, ಕೆಲವು ತಿಂಗಳ ನಂತರ ಮತ್ತೆ ಪ್ರಶ್ನಿಸಿ ಅವರು ಹೇಳಿದ್ದು: ತಂದೆತಾಯಿಗಳ ಅಡ್ಡಿ ಹೆಚ್ಚಿದಷ್ಟೂ ಪ್ರೇಮದ ಕಾವು ಹೆಚ್ಚುತ್ತದೆ. ಅದಕ್ಕೆ ರೋಮಿಯೋ ಜೂಲಿಯೆಟ್ ಪರಿಣಾಮ ಎಂದು ಹೆಸರಾಯಿತು. ಮುಂದೆ 2014ರಲ್ಲಿ ಸಿಂಕ್ಲೇರ್ ಮತ್ತು ಇಬ್ಬರು ಸಂಶೋಧಕಿಯರು ಅದನ್ನೇ ಮತ್ತೆ ಮಾಡಿ ನೋಡಿದರೆ ಅಂಥದ್ದೇನೂ ಸಿಗಲಿಲ್ಲ. ಮನೆಯವರ ಮತ್ತು ಗೆಳೆಯರ ಒಪ್ಪಿಗೆ ಇದ್ದಲ್ಲೇ ಪ್ರೀತಿ, ನಂಬಿಕೆ ಹೆಚ್ಚು. ಅಡ್ಡಿ ಇದ್ದಲ್ಲಿ ಕಡಿಮೆ. ಸಿನಿಮಾ ನೋಡಿ ಬೆಳೆದ ನಮಗೆ ಮೊದಲನೆಯದು ಹಿತವೆನಿಸುತ್ತದೆ, ಸಂಸಾರ ಮಾಡಿದ ಮೇಲೆ ಎರಡನೆಯದು ಸರಿ ಎನಿಸುತ್ತದೆ. ನನ್ನದು ಮಾತ್ರ ಎರಡರಲ್ಲೂ ಕೂಡುವುದಿಲ್ಲ. ಅಪ್ಪನ ದೆಸೆಯಿಂದ ನನ್ನ ಪ್ರೀತಿ ಕಾವೇರಲೂ ಇಲ್ಲ, ಆರಲೂ ಇಲ್ಲ. ಅದು ಕುಳಿತುಕೊಳ್ಳಬೇಕಾದ ಜಾಗದಲ್ಲಿ ಅಪ್ಪ ಕುಳಿತಿದ್ದರು. ಪಾಪ, ಅವರಿಗೆ ಅದು ಗೊತ್ತೂ ಇರಲಿಲ್ಲ.

ಒಪ್ಪಿಕೊಂಡವರು

ಹಾಗಾದರೆ ಮನೆಯವರು ಒಪ್ಪಿಬಿಟ್ಟರೆ ಮುಗಿಯಿತೇ? ಬೆಳಗಾವಿಯ ನನ್ನ ಅಕ್ಕನ ಮಗನ ವಿಷಯ ಹೇಳುತ್ತೇನೆ. ಅವನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾನೆ. ಹುಡುಗಿ ಅನಗೋಳದವಳು, ಮನೆಮಾತು ಮರಾಠಿ. ಎರಡೂ ಮನೆಯಲ್ಲಿ ಎರಡೂ ಭಾಷೆ ನಡೆಯುತ್ತದೆ. ಬೆಳಗಾವಿಯ ಓಣಿಗಳಲ್ಲಿ ಭಾಷೆಯ ಜಗಳ ಪೇಪರಿನಲ್ಲಿ ಇದ್ದಷ್ಟು ಇರುವುದಿಲ್ಲ. ಅಕ್ಕ ಮೊದಲ ವಾರ ಮುಖ ಊದಿಸಿಕೊಂಡಿದ್ದಳು. ಎರಡನೇ ವಾರ ಹುಡುಗಿಯ ತಾಯಿ ಕುಂದಾ ತೆಗೆದುಕೊಂಡು ಮನೆಗೆ ಬಂದರು. ಮೂರನೇ ವಾರದಿಂದ ಇಬ್ಬರೂ ಒಟ್ಟಿಗೆ ಖಡೇಬಜಾರಿನಲ್ಲಿ ಸೀರೆ ಆರಿಸುತ್ತಿದ್ದರು. ಸಾಖರಪುಡಾ ಎಂದು ಅವರೂ ನಿಶ್ಚಯ ಎಂದು ನಾವೂ ಕರೆದ ಕಾರ್ಯ ಆಯಿತು. ನಮ್ಮ ಮನೆತನದಲ್ಲಿ ಇಷ್ಟು ಸಲೀಸಾಗಿ ಒಂದು ಪ್ರೇಮ ದಡ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ನನಗೆ ಸ್ವಲ್ಪ ಅಸೂಯೆಯೂ ಆಗಿತ್ತು.

ಆಮೇಲೆ ನಡೆದದ್ದು ವಿಚಿತ್ರ. ಒಂದು ಸಂಜೆ ಅವನು ಹುಡುಗಿಯ ಫೋನ್ ಎತ್ತಲಿಲ್ಲ. ಕುಲುಮೆಯ ಪಾಳಿಯಲ್ಲಿದ್ದ, ಅಥವಾ ಎತ್ತಲು ಮನಸ್ಸಿರಲಿಲ್ಲ, ಏನೋ ಒಂದು. ಹುಡುಗಿ ತನ್ನ ತಾಯಿಯ ಮುಂದೆ ಕಣ್ಣೀರು ಹಾಕಿದಳು. ತಾಯಿ ನನ್ನ ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ಮಗನಿಗೆ ಮಾಡಿದಳು. ಅವನು ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ತಾಯಿ ಪಕ್ಕದಲ್ಲಿ ನಿಂತಿರುವಾಗಲೇ ಹುಡುಗಿಗೆ ಫೋನಿನಲ್ಲಿ ತಪ್ಪಾಯಿತು ಎಂದ. ಆ ಕಡೆ ಹುಡುಗಿಯ ಪಕ್ಕದಲ್ಲಿ ಅವಳ ತಾಯಿ. ಬೀಗಿತ್ತಿಯರಿಬ್ಬರಿಗೂ ಸಮಾಧಾನ. ಅದೇ ಕ್ರಮ ಮುಂದುವರಿಯಿತು. ಯಾರ ಸಂಬಳ ಎಲ್ಲಿಡಬೇಕು, ಬೇರೆ ಮನೆ ಮಾಡಬೇಕೇ, ಮಾಂಸ ತಿನ್ನುವವರ ಅಡುಗೆಮನೆ ತಿನ್ನದವರ ಅಡುಗೆಮನೆ ಹೇಗೆ ಹೊಂದಿಸುವುದು, ಇಬ್ಬರು ಕೂತು ಜಗ್ಗಾಡಿ ತೀರಿಸಿಕೊಳ್ಳಬೇಕಾದ ಮಾತುಗಳೆಲ್ಲ ತಾಯಂದಿರ ಮಟ್ಟದಲ್ಲೇ ಬಗೆಹರಿದು, ಮಕ್ಕಳಿಗೆ ತೀರ್ಮಾನವಾಗಿ ತಲುಪುತ್ತಿದ್ದವು. ಒಮ್ಮೆ ನಮ್ಮ ಮನೆಗೆ ಬಂದವನು ನನ್ನ ಮುಂದೆ ಹೇಳಿದ: "ಮಾವಶಿ, ನಾನು ಅವಳ ಜೊತೆ ಜಗಳವಾಡಿ ಎರಡು ತಿಂಗಳಾಯಿತು. ಶುರುವಾಗುವ ಮೊದಲೇ ಯಾರೋ ಮುಗಿಸಿಬಿಡುತ್ತಾರೆ."

ನಾನು ನಕ್ಕೆ. ಅವನು ನಗಲಿಲ್ಲ.

ಮಂಗಲ ಕಾರ್ಯಾಲಯಕ್ಕೆ ಮುಂಗಡ ಕೊಟ್ಟು ಆಗಿತ್ತು. ಒಂದು ಸಂಜೆ ಅವರಿಬ್ಬರೂ ಕೋಟೆ ಕೆರೆಯ ದಂಡೆಯಲ್ಲಿ ಕುಳಿತು, ಇದು ಬೇಡ ಎಂದು ತೀರ್ಮಾನಿಸಿ ಎದ್ದು ಬಂದರು. ಜಗಳವಿಲ್ಲ, ಮತ್ತೊಬ್ಬಳಿಲ್ಲ, ಮತ್ತೊಬ್ಬನಿಲ್ಲ. ನಿಶ್ಚಯವಾದ ಮೇಲೆ ಯಾರನ್ನೂ ಕೇಳದೆ ಅವರಿಬ್ಬರೇ ಮಾಡಿದ ಮೊದಲ ಕೆಲಸ ಅದು. ತಾಯಂದಿರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಇಂದಿಗೂ ಗಣೇಶ ಚೌತಿಗೆ ಅನಗೋಳದಿಂದ ಅಕ್ಕನ ಮನೆಗೆ ಮೋದಕ ಬರುತ್ತದೆ, ಅಕ್ಕನ ಮನೆಯಿಂದ ಕರ್ಚಿಕಾಯಿ ಹೋಗುತ್ತದೆ. ಆ ನಂಟು ಮಾತ್ರ ಗಟ್ಟಿಯಾಗಿದೆ.

ಜಾಮೀನುದಾರರು

ಇಷ್ಟೆಲ್ಲ ಬರೆದು ತಂದೆತಾಯಿಗಳನ್ನು ಕಟಕಟೆಯಲ್ಲಿ ನಿಲ್ಲಿಸುವುದು ಸುಲಭ. ಆದರೆ ನಾನೂ ಈಗ ಅದೇ ಕಟಕಟೆಯಲ್ಲಿದ್ದೇನೆ. ಪತ್ತಿನ ಸಹಕಾರಿ ಸಂಘವೊಂದರ ಸಾಲ ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಕುಳಿತಿದ್ದೇನೆ. ನನಗೆ ಮನುಷ್ಯರಲ್ಲಿ ಸಾಲಗಾರರು, ಜಾಮೀನುದಾರರು ಎಂದು ಎರಡೇ ಜಾತಿ ಕಾಣುತ್ತವೆ. ಸಾಲಗಾರ ಎಮ್ಮೆ ಕೊಳ್ಳುತ್ತಾನೆ, ಹಾಲು ಕುಡಿಯುತ್ತಾನೆ. ಸುಸ್ತಿಯಾದ ದಿನ ನೋಟಿಸು ಜಾಮೀನುದಾರನ ಬಾಗಿಲಿಗೂ ಹೋಗುತ್ತದೆ. ಹಾಲಿನ ರುಚಿ ನೋಡದವನು ಓಣಿಯ ಮುಂದೆ ತಲೆ ತಗ್ಗಿಸುತ್ತಾನೆ. ನಮ್ಮ ಸೀಮೆಯಲ್ಲಿ ಮಕ್ಕಳ ಪ್ರೀತಿಗೆ ತಂದೆತಾಯಿ ಜಾಮೀನುದಾರರು. ಯಾರೂ ಅವರ ಸಹಿ ಕೇಳಿರುವುದಿಲ್ಲ, ಹುಟ್ಟಿಸಿದ್ದೇ ಸಹಿ.

ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಬಸವ ಜಯಂತಿಯ ಉಪನ್ಯಾಸಗಳು ನಮಗೆ ಚಿಕ್ಕಂದಿನಿಂದ ಅಭ್ಯಾಸ. ಹರಳಯ್ಯನ ಮಗ ಶೀಲವಂತ, ಮಧುವರಸನ ಮಗಳು ಲಾವಣ್ಯ. ಸಮಗಾರರ ಮನೆಗೂ ಬ್ರಾಹ್ಮಣರ ಮನೆಗೂ ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ನಡೆದ ಮದುವೆ. ಅದನ್ನು ಕೂಡಿಸಿದವರು ಶರಣರಾಗಿದ್ದ ಆ ಇಬ್ಬರು ತಂದೆಯರೇ. ಬಿಜ್ಜಳ ಅವರ ಕಣ್ಣು ಕೀಳಿಸಿ ಎಳೆಹೂಟೆಯ ಶಿಕ್ಷೆ ಕೊಟ್ಟ ಎನ್ನುತ್ತದೆ ಪರಂಪರೆ. ಕಥೆ ಕೇಳಿದವರು ಕಣ್ಣೊರೆಸಿಕೊಳ್ಳುವುದು ಆನೆಯ ಕಾಲಿಗೆ ಕಟ್ಟಿಸಿಕೊಂಡ ಆ ಅಪ್ಪಂದಿರಿಗಾಗಿ. ಆ ಹುಡುಗ ಆ ಹುಡುಗಿ ಒಬ್ಬರನ್ನೊಬ್ಬರು ಇಷ್ಟಪಟ್ಟಿದ್ದರೇ ಎಂದು ಇಷ್ಟು ವರ್ಷಗಳಲ್ಲಿ ಒಬ್ಬ ಉಪನ್ಯಾಸಕರೂ ಹೇಳಿದ್ದನ್ನು ನಾನು ಕೇಳಿಲ್ಲ.

ಅದು ಹಳೆಯ ಕಥೆ ಎನ್ನೋಣವೆಂದರೆ 2023ರ ಡಿಸೆಂಬರ್ ಇದೆ. ಬೆಳಗಾವಿ ತಾಲ್ಲೂಕಿನ ವಂಟಮುರಿಯಲ್ಲಿ ಯುವಕನೊಬ್ಬ ಹುಡುಗಿಯೊಂದಿಗೆ ಊರು ಬಿಟ್ಟ. ಹುಡುಗಿಯ ಕಡೆಯವರು ಅವನ ತಾಯಿಯನ್ನು ಮನೆಯಿಂದ ಎಳೆತಂದು, ವಿವಸ್ತ್ರಗೊಳಿಸಿ, ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು, ಸುಮ್ಮನೆ ನಿಂತು ನೋಡಿದವರನ್ನೂ ತರಾಟೆಗೆ ತೆಗೆದುಕೊಂಡಿತು. ಆ ವಾರ ನಮ್ಮ ಸಂಘದಲ್ಲಿ ಗಂಡುಮಕ್ಕಳ ತಾಯಂದಿರೆಲ್ಲ ಮೆತ್ತಗಾಗಿದ್ದರು. ಕಾನೂನು ಏನು ಹೇಳುತ್ತದೆ ಎನ್ನುವುದು ಗೊತ್ತಿಲ್ಲದ್ದಲ್ಲ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಬೆಳಗಾವಿ ಜಿಲ್ಲೆಯದೇ ಒಂದು ಪ್ರಕರಣದಲ್ಲಿ, ಮಗಳು ಕಾಣೆಯಾಗಿದ್ದಾಳೆ ಎಂದು ತಂದೆ ಕೊಟ್ಟ ದೂರಿನ ಮೇಲಿನ ಮೊಕದ್ದಮೆಯನ್ನು ರದ್ದು ಮಾಡುತ್ತ, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮದುವೆಗೆ ಮನೆತನದ ಅಥವಾ ಸಮುದಾಯದ ಸಮ್ಮತಿ ಬೇಕಾಗಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಪೊಲೀಸರಿಗೂ ತರಬೇತಿ ಕೊಡಿ ಎಂದಿತು. (ಅದೇ ಕಾನೂನು ಇನ್ನೊಂದು ಕೈಯಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯನ್ನೂ ಹಿಡಿದಿದೆ. ಜೋಡಿಯ ಅರ್ಜಿಯನ್ನು ಕಚೇರಿಯ ಗೋಡೆಗೆ ಅಂಟಿಸಿ ಆಕ್ಷೇಪಣೆಗೆ 30 ದಿನ ಕಾಯಬೇಕು. ವಯಸ್ಸು, ಬದುಕಿರುವ ಮೊದಲ ಸಂಗಾತಿ, ನಿಷಿದ್ಧ ನೆಂಟಸ್ತಿಕೆ ಮುಂತಾದ ಕಾರಣಗಳನ್ನು ಬಿಟ್ಟರೆ ಬೇರೆ ಆಕ್ಷೇಪಣೆ ಅಲ್ಲಿ ನಡೆಯುವುದಿಲ್ಲ, ನಿಜ. ಆದರೆ ಆ ಗೋಡೆಯ ಮುಂದೆ ಯಾವ ಕಾಕಾ ಯಾವಾಗ ನಿಲ್ಲುತ್ತಾನೋ ಹೇಳಲಾಗದು.)

ಹಾಗಾಗಿ ನಾನು ಅಡ್ಡಹೆಸರು ಕೇಳಿದ್ದರಲ್ಲಿ ಬರೀ ಜಾತಿಯ ಕೊಬ್ಬಿತ್ತು ಎಂದು ಒಪ್ಪಿಕೊಳ್ಳಲು ಮನಸ್ಸಿಲ್ಲ. ಭಯವೂ ಇತ್ತು. ಎಷ್ಟು ಪಾಲು ಯಾವುದು ಎಂದು ಕೇಳಬೇಡಿ, ಮೊಸರು ಕಡೆದ ಹಾಗೆ ಬೇರೆ ಮಾಡಲು ನನಗೆ ಬರುವುದಿಲ್ಲ. ಅಪ್ಪನಿಗೂ ಬಂದಿರಲಿಕ್ಕಿಲ್ಲ. ಜಾಮೀನುದಾರನಿಗೆ ಲೆಕ್ಕ ಕೇಳುವ ಹಕ್ಕಿದೆ ಎಂದು ನನ್ನ ಕುರ್ಚಿ ಹೇಳುತ್ತದೆ. ಲೆಕ್ಕ ಕೇಳಿದ ಮರುದಿನದಿಂದ ಸಾಲಗಾರ ಎರಡು ಪುಸ್ತಕ ಬರೆಯತೊಡಗುತ್ತಾನೆ ಎನ್ನುವುದನ್ನೂ ಅದೇ ಕುರ್ಚಿ ಕಲಿಸಿದೆ.

ಎರಡು ಪೊಟ್ಟಣ ಕರದಂಟು

ಹೋದ ಎರಡನೇ ಶನಿವಾರ ಬೆಳಗಾವಿಗೆ ಹೋಗಿ ಬಂದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಅಮೀನಗಡದ ಕರದಂಟು. ಬಸ್ಸಿನಲ್ಲಿ ಲೋಕಾಪುರ ದಾಟುವವರೆಗೂ ಒಂದೇ ಜಪ: ಏನೂ ಕೇಳಬಾರದು. ಮಗಳು ನಿಲ್ದಾಣಕ್ಕೆ ಒಬ್ಬಳೇ ಬಂದಿದ್ದಳು. ಹತ್ತಿರದ ಖಾನಾವಳಿಯಲ್ಲಿ ಕುಳಿತೆವು. ಚೀಲ ಬಿಚ್ಚಿ ನೋಡಿ, "ಕರದಂಟು ಎರಡು ಪೊಟ್ಟಣ ಯಾಕೆ?" ಎಂದಳು.

"ಒಂದು ನಿನ್ನ ಪ್ರಾಜೆಕ್ಟಿನವರಿಗೆ."

ಅವಳು ನನ್ನ ಮುಖವನ್ನು ನೋಡಿದಳು. ನಾನು ಜುಣಕದ ಬಟ್ಟಲನ್ನು ನೋಡಿದೆ. ಆಮೇಲೆ ನನ್ನಿಂದ ತಡೆಯಲಾಗಲಿಲ್ಲ, ಆದರೆ ಬಾಯಿಂದ ಬಂದದ್ದು ಬೇರೆ ಪ್ರಶ್ನೆ: "ಅವನಿಗೆ ಸಿಹಿ ಸೇರುತ್ತದೆಯೇ?"

"ಯಾರಿಗೆ?" ಎಂದಳು ಮೊದಲು. ಸ್ವಲ್ಪ ಹೊತ್ತು ಬಿಟ್ಟು, ರೊಟ್ಟಿ ಮುರಿಯುತ್ತ, "ಸೇರುವುದಿಲ್ಲ. ಆದರೆ ಒಣಕೊಬ್ಬರಿ ಇದ್ದರೆ ಅದನ್ನಷ್ಟೇ ಹೆಕ್ಕಿ ತಿಂದು ಉಳಿದದ್ದನ್ನು ನಮಗೆ ಕೊಡುತ್ತಾನೆ" ಎಂದಳು. ಅಲ್ಲಿಗೆ ನಿಲ್ಲಲಿಲ್ಲ. ಲೆಕ್ಕ ಬಿಡಿಸುವಾಗ ತನಗೇ ಗೊತ್ತಿಲ್ಲದೆ ಗುನುಗುತ್ತಾನಂತೆ, ಗ್ರಂಥಾಲಯದಲ್ಲಿ ಬೈಸಿಕೊಳ್ಳುತ್ತಾನಂತೆ. ನಾಯಿ ಕಂಡರೆ ರಸ್ತೆ ದಾಟುತ್ತಾನಂತೆ. ಸಾಲ ಕೊಟ್ಟದ್ದನ್ನು ಕೇಳಲು ನಾಚಿಕೆಯಂತೆ, ಅವನ ದುಡ್ಡನ್ನು ಇವಳೇ ವಸೂಲಿ ಮಾಡಿಕೊಡುತ್ತಾಳಂತೆ. (ಸಾಲ ವಿಭಾಗದವಳ ಮಗಳು.) ನಾನು ಕೇಳುತ್ತ ಕುಳಿತೆ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು. ಎರಡು ವರ್ಷದಲ್ಲಿ ನನಗೆ ಗೊತ್ತಾಗದೆ ಹೋದಷ್ಟು ಇವಳು ಒಂದು ರೊಟ್ಟಿ ಮುಗಿಯುವುದರಲ್ಲಿ ಹೇಳಿ ಮುಗಿಸಿದ್ದಳು.

ವಾಪಸ್ ಬರುವಾಗ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಯರಗಟ್ಟಿ ದಾಟಿದ ಮೇಲೆ ಮೊಬೈಲ್ ಸದ್ದು ಮಾಡಿತು. ಮಗಳ ಸಂದೇಶ: "ಅವತ್ತು ನೀನು ಅಡ್ಡಹೆಸರು ಕೇಳಿದ್ದೆಯಲ್ಲ. ಬಾಗಲಕೋಟಿ."

ಎರಡು ಸಲ ಓದಿದೆ. ಮೂರನೇ ಸಲ ಓದುವಷ್ಟರಲ್ಲಿ ನಗು ಉಕ್ಕಿ ಬಂತು, ಹೋಳಿಯ ಬಾಗಿಲ ಹಿಂದೆ ನಕ್ಕಿದ್ದಂಥದೇ ನಗು. ಪಕ್ಕದಲ್ಲಿ ಕುಳಿತಿದ್ದ ಹಿರಿಯ ಹೆಂಗಸು, ಮಡಿಲಲ್ಲಿ ಚೀಲ ಇಟ್ಟುಕೊಂಡು ತೂಕಡಿಸುತ್ತಿದ್ದವರು, ಎಚ್ಚರಾಗಿ ನನ್ನನ್ನೇ ನೋಡತೊಡಗಿದರು. ಏನಾದರೂ ಹೇಳಬೇಕಿತ್ತು.

"ಏನಿಲ್ಲ ಅಕ್ಕಾ, ಬೆಳಗಾವಿಯಲ್ಲಿ ನಮ್ಮ ಊರಿನ ಹೆಸರಿನ ಹುಡುಗನೊಬ್ಬ ಸಿಕ್ಕ" ಎಂದೆ.

"ಹೌದೇ?" ಎಂದರು ಅವರು ಸೆರಗು ಸರಿ ಮಾಡಿಕೊಂಡು, ನನ್ನ ಕಡೆ ಪೂರ್ತಿ ತಿರುಗಿ. "ಯಾರ ಪೈಕಿ?"